ಐದರಿಂದ ಎಣಿಕೆ

ಕರಿರೋಡ್ ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಕೂರುವ ಮೋಚಿ
ನನ್ನ ಹಳೆಯ ಡ್ಯೂಟಿ ಬೂಟುಗಳನ್ನು ತಿರುವಿ ತಿರುವಿ ನೋಡಿ
"ಲಾಳ ಯಾರಿಗೆ, ಕುದುರೆಗೋ ನಿಮಗೋ?" ಎಂದ.
ಮುಂಗಾಲಿಗೊಂದು ಬಿಲ್ಲೆ, ಹಿಮ್ಮಡಿಗೊಂದು,
ಒಂದೊಂದಕ್ಕೂ ಮೂರು ಸ್ಕ್ರೂ.
ಕೇಳಿದಷ್ಟು ಕೊಟ್ಟೆ. ಚೌಕಾಸಿಗೆ ನಿಂತಿದ್ದರೆ
ಯಾಕೆಂದು ಹೇಳಬೇಕಾಗುತ್ತಿತ್ತು.

ಮನೆಯಲ್ಲಿ ನೀಲವ್ವ ಬಿಡಲಿಲ್ಲ:
"ಅರವತ್ತಕ್ಕ ಮೊಣಕಾಲಿಗೆ ಎಣ್ಣಿ ಹಚ್ಚೂದು ಬಿಟ್ಟು
ಅಂಗಾಲಿಗೆ ಕಬ್ಬಿಣ ಹಚ್ಚಿಸ್ಕೊಂಡು ಬಂದೀರಲ್ಲ!"

ಮಝಗಾಂವದ ಇಗರ್ಜಿಯ ಹಿಂದೆ ಮರದ ನೆಲದ ಹಾಲ್.
ಶನಿವಾರ ನಾಲ್ಕಕ್ಕೆ ಏಳು ಮಕ್ಕಳು, ನಾನು,
ಒಂದು ಪಿಯಾನೊ (ಅದರ ಮೇಲೆ ಯಾರದೋ ಟಿಫಿನ್ ಡಬ್ಬಿ),
ಎಪ್ಪತ್ತು ದಾಟಿದ ಜ್ಯಾಸಿಂತಾ ಮಿಸ್, ಸೊಂಟಕ್ಕೆ ಪಟ್ಟಿ ಬಿಗಿದು.
ಅವರು ಚಪ್ಪಾಳೆ ತಟ್ಟಿ ಎಣಿಸುವುದು
ಐದು, ಆರು, ಏಳು, ಎಂಟು.

ಮಿಸ್, ಒಂದು ಎರಡು ಮೂರು ನಾಲ್ಕು ಎಲ್ಲಿ ಹೋದವು?
"ಅವು ನೀವು ಬರುವ ಮೊದಲೇ ಆಗಿಹೋದವು, ಅಂಕಲ್.
ಈಗ ಕಾಲೆತ್ತಿ."

ಶಫಲ್ ಅಂದರೆ
ಬೂಟಿನ ಮೂಗು ನೆಲವನ್ನು ಮುಂದಕ್ಕೊಮ್ಮೆ ಸವರಬೇಕು,
ಹಿಂದಕ್ಕೊಮ್ಮೆ ಸವರಬೇಕು,
ಕಣಕಾಲು ಸಡಿಲ, ಒದ್ದೆ ಕೈ ಕೊಡವಿದ ಹಾಗೆ.
ಬಾಲ್ ಚೇಂಜ್ ಅಂದರೆ ಹಿಂದಿನ ಕಾಲಿಗೆ
ಒಂದು ಚೂರು ಭಾರ ಕೈಗಡ ಕೊಟ್ಟು
ಅದು ಎಣಿಸಿ ನೋಡುವಷ್ಟರಲ್ಲಿ ವಾಪಸು ಇಸಿದುಕೊಳ್ಳುವುದು.
ಎಂಟು ವರ್ಷದ ತನಾಜ್ ಪಕ್ಕದಲ್ಲೇ ನಿಂತು
ಇದನ್ನೆಲ್ಲ ಚೂಯಿಂಗ್ ಗಮ್ ಜಗಿಯುತ್ತ ಮಾಡುತ್ತಾಳೆ.
ನನ್ನದು ಎರಡು ಸದ್ದು ಬರಬೇಕಾದಲ್ಲಿ ಒಂದು,
ಒಂದೇ ಸಾಕು ಎಂದಲ್ಲಿ ಮೂರು,
ಆಮೇಲೆ ಕುರ್ಚಿ ಬಿದ್ದದ್ದು.

ಮೂವತ್ತೈದು ವರ್ಷ ನಾನು ಸದ್ದಿನ ಸಂಬಳ ಉಂಡವನು.
ವಾಡಿಬಂದರ್ ಯಾರ್ಡಿನಲ್ಲಿ, ರಾತ್ರಿ ಪಾಳಿ,
ಉದ್ದ ಹಿಡಿಯ ಸುತ್ತಿಗೆ,
ನಿಂತ ಗಾಡಿಯ ಗಾಲಿ ಗಾಲಿಗೂ ಒಂದೊಂದು ಏಟು.
ಠಣ್ ಎಂದರೆ ಹೋಗಲಿ.
ಠಪ್ ಎಂದರೆ ಬಿರುಕು, ಸೀಮೆಸುಣ್ಣದ ಗುರುತು, ಗಾಡಿ ನಿಲ್ಲಲಿ.
ಒಳಗೆ ಮಲಗಿದವರು ಮಗ್ಗುಲು ಬದಲಿಸುತ್ತಿದ್ದರು.
ಅಷ್ಟೂ ವರ್ಷ ಬಡಿದದ್ದು ಕೈ, ಕೇಳಿದ್ದು ಕಿವಿ;
ಕಾಲು ಜಲ್ಲಿಯ ಮೇಲೆ ಸುಮ್ಮನೆ ಜೊತೆಗೆ ಬರುತ್ತಿತ್ತು,
ಲಗ್ನಕ್ಕೆ ಬಂದ ದೂರದ ನೆಂಟನ ಹಾಗೆ.

ಚಾಳಿನಲ್ಲಿ ಅಭ್ಯಾಸಕ್ಕೆ ನಿಂತರೆ
ಕೆಳಗಿನ ಮನೆಯ ಕುಮುದ್ ತಾಯಿ
ಕಸಬರಿಗೆ ಹಿಡಿಯಿಂದ ಸೂರು ಕುಟ್ಟುತ್ತಾರೆ.
ಸಿಟ್ಟಿನಲ್ಲಿ ಕುಟ್ಟಿದರೂ ತಾಳ ತಪ್ಪುವುದಿಲ್ಲ.
ಅವರು ನನಗಿಂತ ಮುಂದಿದ್ದಾರೆ.

ಐದನೆಯ ಶನಿವಾರ, ಎಲ್ಲರೂ ಒಟ್ಟಿಗೆ ಕುಟ್ಟುತ್ತಿರುವಾಗ
ಹದಿನಾರು ಪಾದಗಳ ಗದ್ದಲದ ನಡುವೆ
ಒಂದು ಠಪ್.
ನಿಲ್ಲಿ, ಅಂದೆ. ಮಿಸ್ ನಿಂತರು, ಪಿಯಾನೊ ನಿಂತಿತು.
ತನಾಜ್, ಎಡ ಹಿಮ್ಮಡಿ, ಗೋಡೆ ಕಡೆಯ ಸ್ಕ್ರೂ.
ಕೂತು ಅವಳ ಬೂಟು ತೊಡೆಯ ಮೇಲಿಟ್ಟುಕೊಂಡು
ಎರಡು ರೂಪಾಯಿ ನಾಣ್ಯದ ಅಂಚಿನಿಂದ ತಿರುಪಿದೆ.
ಅವಳು ನೆಲಕ್ಕೊಮ್ಮೆ ಬಡಿದು ನೋಡಿದಳು: ಠಣ್.
"ಅಂಕಲ್‌ಗೆ ಡಾನ್ಸ್ ಬರಲ್ಲ, ಆದರೆ ಬರತ್ತೆ" ಎಂದಳು ಮಿಸ್‌ಗೆ.

ಕೂತವನು ಏಳುವುದಕ್ಕೆ ಪಿಯಾನೊ ಹಿಡಿಯಬೇಕಾಯಿತು.
ಬಲಗಾಲು ಮುಂದೆ. ಭಾರ ಎಡದ ಮೇಲೆ.
ಟಿಫಿನ್ ಡಬ್ಬಿಯ ಮುಚ್ಚಳ ಇನ್ನೂ ಸಣ್ಣಗೆ ನಡುಗುತ್ತಿದೆ.
ಮಿಸ್ ಕೈ ಎತ್ತಿದ್ದಾರೆ.
ಐದು,